ಕೀಲೆಣ್ಣೆ ನೋಡಲು ಯಾವ ಲೇಸರ್? ಮಲೆನಾಡಿನ ಯಂತ್ರಗಳನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದು ಮುಗಿದ ಮೇಲೆ ಎಚ್‌ಟಿಪಿ ಪಂಪಿನ (ಭಾರಿ ಒತ್ತಡದಲ್ಲಿ ಔಷಧಿ ಸಿಂಪಡಿಸುವ ಪಂಪು) ತಳದ ಬೋಲ್ಟು ಬಿಚ್ಚಿದರೆ ಒಮ್ಮೊಮ್ಮೆ ಎಣ್ಣೆಯ ಬದಲು ಕೆನೆಬಣ್ಣದ, ಮಂದವಾದ ದ್ರವ ಇಳಿಯುತ್ತದೆ. ಅದನ್ನು ಪರೀಕ್ಷೆಗೆ ಕಳುಹಿಸಿದರೆ ವರದಿಯಲ್ಲಿ ತಾಮ್ರ ಹೆಚ್ಚು, ಕ್ಯಾಲ್ಸಿಯಂ ಹೆಚ್ಚು ಎಂದು ಬರುತ್ತದೆ. ತಾಮ್ರ ಕಂಡರೆ ಕಂಚಿನ ಬುಷ್ ಸವೆದಿದೆ ಎಂದು ತಿಳಿಯಬೇಕು ಎನ್ನುವುದು ಪುಸ್ತಕದ ಪಾಠ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಪಂಪು ದಿನವಿಡೀ ಎಳೆಯುವುದೇ ತಾಮ್ರವನ್ನು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಅದು ಶೇ 1ರ ಬೋರ್ಡೋ ದ್ರಾವಣ. ಪ್ಲಂಜರಿನ ಸೀಲು ಸ್ವಲ್ಪ ಸಡಿಲಾದರೂ ಸಾಕು, ಮೈಲುತುತ್ತದ ತಾಮ್ರವೂ ಸುಣ್ಣದ ಕ್ಯಾಲ್ಸಿಯಂ ಕೂಡ ಎಣ್ಣೆಗೆ ಸೇರುತ್ತವೆ. ಇಷ್ಟಕ್ಕೂ ಎಣ್ಣೆಯ ಡಬ್ಬಿಯಲ್ಲೇ ಮೊದಲಿನಿಂದ ಕ್ಯಾಲ್ಸಿಯಂ ಇರುತ್ತದೆ. ಇಂಜಿನ್ ಆಯಿಲ್‌ನ ಡಿಟರ್ಜೆಂಟ್ ಸೇರ್ಪಡೆ ಹೆಚ್ಚಾಗಿ ಕ್ಯಾಲ್ಸಿಯಂನದೇ. ಹಾಗಾದರೆ ಬದಲಾಯಿಸಬೇಕಾದ್ದು ಬುಷ್ಷೋ, ಸೀಲೋ? ಧಾತುಗಳ ಪಟ್ಟಿಯೊಂದನ್ನೇ ಹಿಡಿದುಕೊಂಡರೆ ಉತ್ತರ ಸಿಗುವುದಿಲ್ಲ.

ಲೇಸರ್ ರೋಹಿತದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವ) ವಿಧಾನಗಳನ್ನು ಹೋಲಿಸಿ ಹೇಳಿ ಎಂದು ಕೇಳುವವರಲ್ಲಿ ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ವಿದ್ಯಾರ್ಥಿಗಳಿದ್ದಾರೆ, ಮಾಚೇನಹಳ್ಳಿ ಕಡೆಯ ಕಾರ್ಖಾನೆಗಳ ನಿರ್ವಹಣಾ ವಿಭಾಗದವರಿದ್ದಾರೆ, ಸ್ವಂತ ಗ್ಯಾರೇಜು ಇಟ್ಟವರೂ ಇದ್ದಾರೆ. ಎಲ್ಲರೂ ಕೇಳುವುದು ಒಂದೇ: ಯಾವುದು ಒಳ್ಳೆಯದು? ನಾನು ತಿರುಗಿ ಕೇಳುವುದೂ ಒಂದೇ: ನೀವು ನೋಡಬೇಕಾದ್ದು ಶೀಶೆಯಲ್ಲಿರುವ ಎಣ್ಣೆಯನ್ನೋ, ತಿರುಗುವ ಎರಡು ಲೋಹಗಳ ನಡುವಿನ ಸಂದಿಯಲ್ಲಿರುವ ಎಣ್ಣೆಯನ್ನೋ? ಮೊದಲನೆಯದು ಕೀಲೆಣ್ಣೆಯ ಅಧ್ಯಯನ, ಎರಡನೆಯದು ಅದು ಮಾಡುವ ಕೆಲಸದ ಅಧ್ಯಯನ. ಈ ಎರಡಕ್ಕೂ ಹೊಂದುವ ಉಪಕರಣ ಬಹಳ ಅಪರೂಪ. ಇದನ್ನು ತೀರ್ಮಾನಿಸದೆ ಉಪಕರಣ ಹುಡುಕಲು ಹೊರಟವರು ಲಕ್ಷಗಟ್ಟಲೆ ಸುರಿದು, ತಮಗೆ ಬೇಡವಾದ ಪ್ರಶ್ನೆಗೆ ನಿಖರವಾದ ಉತ್ತರ ಪಡೆಯುತ್ತಾರೆ.

ಲೇಸರ್‌ಗೂ ಮೊದಲು ನೀರು

ನಮ್ಮ ಕಡೆ ಎಣ್ಣೆಯ ಮೊದಲ ಶತ್ರು ನೀರು. ಜೂನ್‌ನಿಂದ ಸೆಪ್ಟೆಂಬರ್ ತನಕ ಶೆಡ್ಡಿನ ಗೋಡೆಯೇ ಬೆವರುತ್ತಿರುವಾಗ ಗೇರ್‌ಬಾಕ್ಸಿನ ಉಸಿರುರಂಧ್ರದಿಂದ ಒಳಗೆ ಹೋಗುವ ಗಾಳಿ ಒಣಗಿರುವುದಿಲ್ಲ. ರಾತ್ರಿ ಯಂತ್ರ ತಣ್ಣಗಾದಾಗ ಆ ತೇವ ಒಳಗೇ ಇಬ್ಬನಿಯಾಗಿ ಇಳಿಯುತ್ತದೆ.

ಇದನ್ನು ಪತ್ತೆ ಮಾಡಲು ಲೇಸರ್ ಬೇಕಿಲ್ಲ. 130ರಿಂದ 160 ಡಿಗ್ರಿಗೆ ಕಾಯಿಸಿದ ಲೋಹದ ತಟ್ಟೆಯ ಮೇಲೆ ಒಂದು ಹನಿ ಎಣ್ಣೆ ಬಿಡಿ. ನೀರಿದ್ದರೆ ಚಟಪಟ ಎನ್ನುತ್ತದೆ. ಸಾವಿರದಲ್ಲಿ ಒಂದು ಪಾಲಿನಷ್ಟು ನೀರಿದ್ದರೂ ಕಿವಿಗೆ ಕೇಳುತ್ತದೆ, ಅನುಭವಿಗಳಿಗೆ ಅದರ ಅರ್ಧವೂ ತಿಳಿಯುತ್ತದೆ. ಕನ್ನಡಕ ಹಾಕಿಕೊಳ್ಳಿ, ಹನಿ ಸಿಡಿಯುತ್ತದೆ. ನಿಖರವಾದ ಅಂಕೆ ಬೇಕಾದರೆ ರಾಸಾಯನಿಕವಾಗಿ ನೀರು ಅಳೆಯುವ ಕಾರ್ಲ್ ಫಿಷರ್ ವಿಧಾನವಿದೆ.

ಎಫ್‌ಟಿಐಆರ್ ಎಂಬ ಅವಕೆಂಪು ರೋಹಿತಮಾಪಕವೂ ನೀರನ್ನು ಚೆನ್ನಾಗಿ ಹಿಡಿಯುತ್ತದೆ. 3400ರ ಸುತ್ತ ಅಗಲವಾದ ಉಬ್ಬು ಕಾಣುತ್ತದೆ. (ಇಲ್ಲಿಂದ ಮುಂದೆ ರಾಮನ್ ಮತ್ತು ಅವಕೆಂಪು ಗೆರೆಗಳ ಸ್ಥಾನವನ್ನೆಲ್ಲ ಪ್ರತಿ ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕದಲ್ಲಿ ಕೊಟ್ಟಿದ್ದೇನೆ.) ಎಫ್‌ಟಿಐಆರ್ ಒಳಗೆ ಲೇಸರ್ ಇದೆ ಎಂದು ಅದನ್ನೂ ಲೇಸರ್ ವಿಧಾನ ಎನ್ನುವವರಿದ್ದಾರೆ. ಒಳಗಿರುವ 632.8 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಲೇಸರ್ ಕನ್ನಡಿ ಎಷ್ಟು ಸರಿಯಿತು ಎಂದು ಅಳೆಯುವ ಕೋಲು ಅಷ್ಟೇ; ಎಣ್ಣೆಯ ಮೂಲಕ ಹಾಯುವ ಬೆಳಕು ಕಾದ ಸೆರಾಮಿಕ್ ಕಡ್ಡಿಯದು. ಹೆಸರು ಏನೇ ಇರಲಿ, ಉಪಯೋಗಿಸಿದ ಇಂಜಿನ್ ಆಯಿಲ್ ಎಷ್ಟು ಹಳಸಿದೆ ಎಂದು ತಿಳಿಯಲು ಇಂದಿಗೂ ನಾನು ಮೊದಲು ಹೇಳುವ ಹೆಸರು ಅದರದೇ. ಗಾಳಿಯೊಂದಿಗೆ ಸೇರಿ ಹಳಸಿದ ಎಣ್ಣೆ 1710ರಿಂದ 1740ರ ನಡುವೆ ಉಬ್ಬು ತೋರಿಸುತ್ತದೆ, ಸವೆತ ತಡೆಯುವ ಸತು-ರಂಜಕದ ಸೇರ್ಪಡೆ ಖರ್ಚಾದರೆ 960ರಿಂದ 1000ದ ನಡುವಿನ ಗೆರೆ ಕುಗ್ಗುತ್ತದೆ. ಇದಕ್ಕೆಂದೇ ಎಎಸ್‌ಟಿಎಂ ಇ2412 ಎಂಬ ಮಾನಕವಿದೆ. ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಎಫ್‌ಟಿಐಆರ್ ಇದ್ದು, ಪ್ರಾಜೆಕ್ಟಿಗೆ ಲೇಸರ್ ಬೇಕು ಎಂದು ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳನ್ನು ಕಂಡರೆ ಪಾಪ ಅನ್ನಿಸುತ್ತದೆ.

ಲಿಬ್ಸ್: ಯಾವ ಧಾತು ಎಂಬ ಪ್ರಶ್ನೆಗೆ

ಲಿಬ್ಸ್ ಎಂದರೆ ಲೇಸರಿನಿಂದ ಪ್ಲಾಸ್ಮಾ (ವಿದ್ಯುದಾವೇಶ ಪಡೆದ ಅತಿ ಬಿಸಿ ಅನಿಲ) ಎಬ್ಬಿಸಿ ಅದರ ರೋಹಿತ ನೋಡುವುದು. ನಿಯೋಡಿಮಿಯಂ-ಯಾಗ್ ಲೇಸರಿನ 1064 ನ್ಯಾನೋಮೀಟರಿನ ಕಿರಣವನ್ನು ಕೆಲವು ನ್ಯಾನೋಸೆಕೆಂಡಿನ ಮಿಡಿತವಾಗಿ ಮಾದರಿಯ ಮೇಲೆ ಕೇಂದ್ರೀಕರಿಸಿದರೆ ಆ ಚುಕ್ಕೆಯಲ್ಲಿ ಹತ್ತು ಸಾವಿರ ಡಿಗ್ರಿ ಮೀರಿದ ಪ್ಲಾಸ್ಮಾ ಹುಟ್ಟುತ್ತದೆ. ಅಣುಗಳೆಲ್ಲ ಒಡೆದು ಪರಮಾಣುಗಳಾಗುತ್ತವೆ. ಪ್ಲಾಸ್ಮಾ ಆರುವಾಗ ಒಂದೊಂದು ಧಾತುವೂ ತನ್ನ ಗೆರೆಗಳನ್ನು ಬಿಡುತ್ತದೆ: ತಾಮ್ರ 324.75 ಮತ್ತು 327.40 ನ್ಯಾನೋಮೀಟರಿನಲ್ಲಿ, ಕ್ಯಾಲ್ಸಿಯಂ 393.37 ಮತ್ತು 396.85ರಲ್ಲಿ, ಸಿಲಿಕಾನ್ 288.16ರಲ್ಲಿ, ಲಿಥಿಯಂ 670.8ರಲ್ಲಿ. ಮನೆ ಕೆಡವಿ ಇಟ್ಟಿಗೆ ಎಣಿಸಿದ ಹಾಗೆ. ಎಷ್ಟು ಇಟ್ಟಿಗೆ, ಎಷ್ಟು ಕಲ್ಲು ಎಂದು ಗೊತ್ತಾಗುತ್ತದೆ, ಯಾವುದು ಅಡುಗೆಮನೆಯಾಗಿತ್ತು ಎಂದು ಗೊತ್ತಾಗುವುದಿಲ್ಲ.

ಇದರ ಅನುಕೂಲ ವೇಗ. ಆಮ್ಲದಲ್ಲಿ ಕುದಿಸುವುದು, ಕರಗಿಸುವುದು ಬೇಡ. ಪ್ರಯೋಗಾಲಯಗಳಲ್ಲಿ ಧಾತು ಅಳೆಯಲು ಬಳಸುವ ಐಸಿಪಿ ಉಪಕರಣ ಎಣ್ಣೆಯನ್ನು ಸೂಕ್ಷ್ಮ ಹನಿಗಳಾಗಿ ಊದಿ ಒಳಗೆ ಕಳುಹಿಸುವುದರಿಂದ ಐದಾರು ಮೈಕ್ರಾನಿಗಿಂತ ದೊಡ್ಡ ಲೋಹದ ಕಣಗಳು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಬೇರಿಂಗ್ ಕೆಡುವ ಹೊತ್ತಿಗೆ ಬರುವುದೇ ದೊಡ್ಡ ಕಣಗಳು. ಫಿಲ್ಟರಿನ ಮೇಲೆ ಸೋಸಿ ಒಣಗಿಸಿದ ಕಣಕ್ಕೆ ಲಿಬ್ಸ್ ನೇರವಾಗಿ ಗುರಿಯಿಡಬಲ್ಲದು. ಗ್ರೀಸಿನ ವಿಷಯದಲ್ಲಂತೂ ಇದರಷ್ಟು ಬೇಗ ಹೇಳುವ ವಿಧಾನ ನನಗೆ ಗೊತ್ತಿಲ್ಲ. ಡಬ್ಬಿಯ ಮೇಲೆ ಲಿಥಿಯಂ ಗ್ರೀಸ್ ಎಂದು ಬರೆದಿದ್ದು ಒಳಗೆ ಅಗ್ಗದ ಕ್ಯಾಲ್ಸಿಯಂ ಸೋಪಿನ ಗ್ರೀಸ್ ಇದ್ದರೆ 670.8ರ ಕೆಂಪು ಗೆರೆ ಬರುವುದೇ ಇಲ್ಲ. ಹಗುರ ಧಾತುಗಳಾದ ಲಿಥಿಯಂ, ಸೋಡಿಯಂಗಳನ್ನು ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಪ್ರತಿದೀಪ್ತಿಯ ಗನ್ ನೋಡಲಾರದು, ಲಿಬ್ಸ್ ಸುಲಭವಾಗಿ ನೋಡುತ್ತದೆ.

ತೊಂದರೆ ಶುರುವಾಗುವುದು ದ್ರವದ ಮೇಲೆ ನೇರವಾಗಿ ಹೊಡೆದಾಗ. ಮಿಡಿತ ಬಿದ್ದ ಕೂಡಲೇ ಎಣ್ಣೆ ಚಿಮ್ಮುತ್ತದೆ. ಮೇಲ್ಮೈ ಅಲುಗಾಡಿ ಮುಂದಿನ ಮಿಡಿತ ಬೇರೆ ಎತ್ತರದಲ್ಲಿ ಬೀಳುತ್ತದೆ, ಮಸೂರದ ಮೇಲೆ ಎಣ್ಣೆಯ ಹನಿ ಕೂತು ಸಂಜೆಯೊಳಗೆ ಸಂಕೇತ ಅರ್ಧಕ್ಕೆ ಇಳಿದಿರುತ್ತದೆ. ಆದ್ದರಿಂದ ತಿಳಿದವರು ಎಣ್ಣೆಯನ್ನು ಸೋಸುಕಾಗದಕ್ಕೆ ಹೀರಿಸಿಯೋ, ಸಿಲಿಕಾನ್ ಅಥವಾ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ತೆಳ್ಳಗೆ ಸವರಿಯೋ ಹೊಡೆಯುತ್ತಾರೆ. ಆಗ ಬಿಲ್ಲೆಯ ಧಾತುವನ್ನು ಲೆಕ್ಕದಿಂದ ಕೈಬಿಡಬೇಕು ಎನ್ನುವುದು ಗೊತ್ತಿರಲಿ: ಅಲ್ಯೂಮಿನಿಯಂ ಬಿಲ್ಲೆ ಬಳಸಿ ಪಿಸ್ಟನ್ನಿನ ಅಲ್ಯೂಮಿನಿಯಂ ಹುಡುಕಲಾಗದು. ಎಣ್ಣೆಯ ಇಂಗಾಲ ಗಾಳಿಯ ಸಾರಜನಕದೊಂದಿಗೆ ಸೇರಿ 388 ನ್ಯಾನೋಮೀಟರಿನ ಸುತ್ತ ಒಂದು ಪಟ್ಟಿಯನ್ನೇ ಎಬ್ಬಿಸುತ್ತದೆ. ಆ ಜಾಗದ ಕಬ್ಬಿಣದ ಗೆರೆಗಳನ್ನು ಬಿಟ್ಟು 371.99ರಂಥ ಬೇರೆ ಗೆರೆ ಹಿಡಿಯುವುದು ಜಾಣತನ.

ಇನ್ನೊಂದು ಮಾತು. ಒಂದು ಮಿಡಿತಕ್ಕೂ ಇನ್ನೊಂದಕ್ಕೂ ಶೇ 5ರಿಂದ 20ರಷ್ಟು ಏರಿಳಿತ ಸಾಮಾನ್ಯ. ಪತ್ತೆಯ ಮಿತಿಯೂ ಧಾತುವನ್ನು ನೋಡಿಕೊಂಡು ಕೆಲವು ಪಿಪಿಎಂನಿಂದ (ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಪಿಪಿಎಂ) ಹತ್ತಾರು ಪಿಪಿಎಂ. ತಿಂಗಳಿಂದ ತಿಂಗಳಿಗೆ ಕಬ್ಬಿಣ 20 ಪಿಪಿಎಂನಿಂದ 24ಕ್ಕೆ ಏರಿತೇ ಎಂಬ ಪ್ರಶ್ನೆ ನಿಮ್ಮದಾದರೆ ಲಿಬ್ಸ್ ಬೇಡ. ಐಸಿಪಿ, ಇಲ್ಲವೇ ತಿರುಗುವ ಗ್ರಾಫೈಟ್ ಚಕ್ರದ ಕಿಡಿ ವಿಧಾನ ಸರಿ. ಜಲವಿದ್ಯುತ್ ಕೇಂದ್ರದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವ್ಯಾಟಿನ ಹತ್ತು ಘಟಕಗಳಿವೆ, ಒಟ್ಟು 1,035 ಮೆಗಾವ್ಯಾಟ್. ಅಂಥ ಗಾತ್ರದ ಲಂಬ ಅಕ್ಷದ ಯಂತ್ರಗಳಲ್ಲಿ ಇಡೀ ತಿರುಗುವ ಭಾಗದ ಭಾರ ಥ್ರಸ್ಟ್ ಬೇರಿಂಗಿನ ಮೇಲೆ ಕೂತಿರುತ್ತದೆ. ಬೇರಿಂಗಿನ ಪ್ಯಾಡುಗಳಿಗೆ ಸಾಮಾನ್ಯವಾಗಿ ತವರ ಪ್ರಧಾನವಾದ ಬ್ಯಾಬಿಟ್ ಲೋಹದ ಲೇಪವಿರುತ್ತದೆ. ಅಲ್ಲಿ ಕಾಯಬೇಕಾದ್ದು ಎಣ್ಣೆಯಲ್ಲಿ ತವರ ನಿಧಾನವಾಗಿ ಏರುವುದನ್ನು. ಅದಕ್ಕೆ ವರ್ಷಗಟ್ಟಲೆ ಒಂದೇ ವಿಧಾನದಲ್ಲಿ, ಒಂದೇ ಪ್ರಯೋಗಾಲಯದಲ್ಲಿ ಬರೆದಿಟ್ಟ ಅಂಕೆ ಬೇಕು. ಹೊಸ ಉಪಕರಣದ ಆಸೆಗೆ ಬಿದ್ದು ನಡುವೆ ವಿಧಾನ ಬದಲಿಸಿದರೆ ಹಳೆಯ ದಾಖಲೆಯೆಲ್ಲ ಹೋಲಿಸಲಾಗದ ಕಾಗದವಾಗುತ್ತದೆ.

ರಾಮನ್: ಯಾವ ಸಂಯುಕ್ತ ಎಂಬ ಪ್ರಶ್ನೆಗೆ

1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ರಾಮನ್ ಪರಿಣಾಮ ಪತ್ತೆಯಾದಾಗ ಲೇಸರ್ ಎಂಬುದೇ ಇರಲಿಲ್ಲ. ಸೂರ್ಯನ ಬೆಳಕು, ಆಮೇಲೆ ಪಾದರಸದ ದೀಪ. ಒಂದು ಕೋಟಿ ಫೋಟಾನ್ ಬಿದ್ದರೆ ಹೆಚ್ಚುಕಡಿಮೆ ಒಂದು ಮಾತ್ರ ಬಣ್ಣ ಬದಲಿಸಿ ಚದರುವ ಈ ಕ್ಷೀಣ ಬೆಳಕನ್ನು ಆ ಸಾಮಾನಿನಲ್ಲಿ ಹಿಡಿದವರ ತಾಳ್ಮೆಯನ್ನು ನೆನೆದರೆ, ಇಂದು ಹತ್ತು ಸೆಕೆಂಡಿನಲ್ಲಿ ರೋಹಿತ ಬರಲಿಲ್ಲ ಎಂದು ಗೊಣಗುವವರಿಗೆ ಏನು ಹೇಳುವುದು?

ರಾಮನ್‌ಗೆ ಅಣು ಒಡೆಯುವ ಅಗತ್ಯವಿಲ್ಲ. ಅಣುವಿನ ಬಂಧಗಳು ಹೇಗೆ ಕಂಪಿಸುತ್ತವೆ ಎಂಬುದನ್ನು ನೋಡಿ ಸಂಯುಕ್ತವನ್ನು ಗುರುತಿಸುತ್ತದೆ. ಉದಾಹರಣೆಗೆ ಸಸ್ಯಮೂಲದ ಎಣ್ಣೆಗಳು. ಸಸ್ಯದ ಎಣ್ಣೆಯಲ್ಲಿ 1745ರ ಬಳಿ ಎಸ್ಟರಿನ ಗೆರೆ ಇರುತ್ತದೆ, ಖನಿಜ ತೈಲದಲ್ಲಿ ಇರುವುದಿಲ್ಲ. 1655ರ ಗೆರೆ ಇಂಗಾಲದ ಜೋಡಿಬಂಧದ್ದು, 1440ರದು ಎಲ್ಲ ಎಣ್ಣೆಗಳಲ್ಲೂ ಇರುವ ಸಿಎಚ್‌2 ಗುಂಪಿನದು. 1655ರದನ್ನು 1440ರದರಿಂದ ಭಾಗಿಸಿದರೆ ಎಣ್ಣೆ ಎಷ್ಟು ಅಪರ್ಯಾಪ್ತ ಎಂದು ತಿಳಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಶೇ 90ರ ಆಸುಪಾಸು ಪರ್ಯಾಪ್ತ ಕೊಬ್ಬಿನಾಮ್ಲ. 1655ರ ಗೆರೆ ಹುಡುಕಿದರಷ್ಟೇ ಕಾಣುತ್ತದೆ. ಅದಕ್ಕೇ ಅದು ಬೇಗ ಹಳಸುವುದಿಲ್ಲ, ಅದಕ್ಕೇ ಡಿಸೆಂಬರಿನ ಬೆಳಿಗ್ಗೆ ಶೀಶೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಹೊಂಗೆ ಎಣ್ಣೆಯಲ್ಲಿ ಒಲೀಕ್ ಆಮ್ಲವೇ ಹೆಚ್ಚು, ಗೆರೆ ಎದ್ದು ನಿಲ್ಲುತ್ತದೆ. ಚಳಿಯಲ್ಲಿ ಹರಿಯುತ್ತದೆ, ಬಿಸಿಯಲ್ಲಿ ಬೇಗ ಹಳಸುತ್ತದೆ. ಸಸ್ಯಮೂಲದ ಕೀಲೆಣ್ಣೆ ಎಂಬ ಪ್ರಾಜೆಕ್ಟು ನಮ್ಮ ಕಾಲೇಜುಗಳಲ್ಲಿ ವರ್ಷ ಬಿಟ್ಟು ವರ್ಷ ಬರುತ್ತದಲ್ಲ, ಅವರಿಗೆ ಈ ಒಂದು ಅನುಪಾತವನ್ನು ಬಿಸಿಮಾಡಿದ ಗಂಟೆಗಳ ಎದುರು ಬರೆಯುವುದೇ ಸಾಕಷ್ಟು ಒಳ್ಳೆಯ ಕೆಲಸ.

ಆದರೆ ಲೇಸರಿನ ಬಣ್ಣ ಆರಿಸುವಲ್ಲಿ ಎಡವಿದರೆ ಒಂದು ಗೆರೆಯೂ ಸಿಗದು. ಗಾಣದಿಂದ ತಂದ, ಶುದ್ಧೀಕರಿಸದ ಹೊಂಗೆ ಎಣ್ಣೆಗೆ 532 ನ್ಯಾನೋಮೀಟರಿನ ಹಸಿರು ಲೇಸರ್ ಬಿಟ್ಟರೆ ಎಣ್ಣೆಯೇ ಹೊಳೆಯತೊಡಗುತ್ತದೆ. ಅದು ಪ್ರತಿದೀಪ್ತಿ. ರಾಮನ್ ಗೆರೆಗಳ ಸಾವಿರಪಟ್ಟು ಬಲವಾದ ಆ ಹೊಳಪಿನಡಿ ರೋಹಿತ ಮುಳುಗಿ, ಪರದೆಯ ಮೇಲೆ ಬರಿಯ ಗುಡ್ಡ ಕಾಣುತ್ತದೆ. 785ಕ್ಕೆ ಹೋದರೆ ಹೊಳಪು ಬಹಳಷ್ಟು ಇಳಿಯುತ್ತದೆ. ಆದರೆ ಚದರಿಕೆಯ ಬಲ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾದ್ದರಿಂದ ಸಂಕೇತ ಐದನೇ ಒಂದು ಭಾಗದ ಹತ್ತಿರಕ್ಕೆ ಕುಸಿಯುತ್ತದೆ. 1064ಕ್ಕೆ ಹೋದರೆ ಹೊಳಪಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ, ಸಂಕೇತ ಹಸಿರಿನ ಹದಿನಾರನೇ ಒಂದು ಭಾಗ. ಇಷ್ಟರ ಜೊತೆಗೆ ಬ್ರೋಷರುಗಳು ಹೇಳದ ಇನ್ನೊಂದು ಸಂಗತಿ: 785ರ ಲೇಸರಿನಲ್ಲಿ 2900ರ ಸಿಎಚ್ ಗೆರೆಗಳು ಬೀಳುವುದು 1016 ನ್ಯಾನೋಮೀಟರಿನಲ್ಲಿ, ಸಿಲಿಕಾನ್ ಸಂವೇದಕ ಹೆಚ್ಚುಕಡಿಮೆ ಕುರುಡಾಗುವ ಜಾಗದಲ್ಲಿ. ಆ ಭಾಗವೇ ಬೇಕಾದರೆ 532 ಆರಿಸಿ. ಅಲ್ಲಿ ಅದೇ ಗೆರೆ 629 ನ್ಯಾನೋಮೀಟರಿನ ಕೆಂಪಿನಲ್ಲಿ ಚೆನ್ನಾಗಿ ಸಿಗುತ್ತದೆ. ಹೊಸ, ತಿಳಿಯಾದ ಖನಿಜ ತೈಲಕ್ಕೆ 532, ಬಣ್ಣದ ಸಸ್ಯದ ಎಣ್ಣೆಗೆ 785, ಎರಡೂ ಸೋತಾಗ 1064. ಒಂದೇ ಕೊಳ್ಳಬಹುದು ಎಂದರೆ ನಾನು 785 ಎನ್ನುತ್ತೇನೆ.

ಮಸಿಗಟ್ಟಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಮೂರೂ ಒಗ್ಗುವುದಿಲ್ಲ. ಮಸಿ ಬೆಳಕು ನುಂಗಿ ಕಾಯುತ್ತದೆ, ಮಾದರಿ ಹೊಗೆಯಾಡುತ್ತದೆ, ಕಾಣುವುದು 1350 ಮತ್ತು 1580ರ ಇಂಗಾಲದ ಎರಡು ಉಬ್ಬು ಮಾತ್ರ. ಬಸ್ ಡಿಪೋದ ಎಣ್ಣೆ ಹಿಡಿದು ರಾಮನ್ ಮಾಡಿಸಲು ಬರುವವರನ್ನು ನಾನು ಎಫ್‌ಟಿಐಆರ್ ಕಡೆಗೇ ತಿರುಗಿಸುತ್ತೇನೆ. ರಾಮನ್‌ನಲ್ಲಿ ನೀರೂ ಮಂಕು. ಸ್ನಿಗ್ಧತೆಯನ್ನು (ಎಣ್ಣೆ ಎಷ್ಟು ಮಂದ ಎಂಬುದನ್ನು) ಇದು ಅಳೆಯುವುದೇ ಇಲ್ಲ. ಪೇಟೆಯಲ್ಲಿ ಕೊಂಡ ಡಬ್ಬಿಯಲ್ಲಿರುವುದು ನಿಜವಾಗಿ 15ಡಬ್ಲ್ಯೂ-40 ಎಂಬ ಸ್ನಿಗ್ಧತೆಯ ದರ್ಜೆಯ ಎಣ್ಣೆ ಹೌದೋ ಅಲ್ಲವೋ ಎಂದು ರೋಹಿತದಿಂದ ತಿಳಿಯಬಹುದು ಎನ್ನುವ ಮಾರಾಟಗಾರರ ಮಾತಿನ ಹಿಂದೆ ಇರುವುದು ನೂರಾರು ಮಾದರಿಗಳಿಂದ ಕಟ್ಟಿದ ಸಂಖ್ಯಾಶಾಸ್ತ್ರದ ಹೊಂದಾಣಿಕೆ. ನಿಮ್ಮ ಎಣ್ಣೆ ಆ ಮಾದರಿಗಳ ಬಳಗದ್ದಲ್ಲದಿದ್ದರೆ ಅಂಕೆಗೆ ಅರ್ಥವಿಲ್ಲ. ಒಂದು ಸ್ನಿಗ್ಧತಾಮಾಪಕ ಕೊಳ್ಳಿ, ಕಡಿಮೆ ಖರ್ಚು.

ರಾಮನ್ ತನ್ನ ಬೆಲೆ ತೋರಿಸುವುದು ಘನಪದಾರ್ಥದಲ್ಲಿ: ತಳದಲ್ಲಿ ಕೂತ ಕಲ್ಮಶ, ಸವೆದ ಮೇಲ್ಮೈ, ಒಣ ಲೇಪ. ಮಾಲಿಬ್ಡಿನಂ ಡೈಸಲ್ಫೈಡ್ ಸೇರಿದ ಕಪ್ಪು ಗ್ರೀಸನ್ನೇ ತೆಗೆದುಕೊಳ್ಳಿ. ಅದರ ಎರಡು ಗೆರೆಗಳು 383 ಮತ್ತು 408ರಲ್ಲಿ ಜೋಡಿಯಾಗಿ ನಿಲ್ಲುತ್ತವೆ. ಮಾಲಿಬ್ಡಿನಂ ಡೈಸಲ್ಫೈಡಿಗೆ ಒಣ ಹವೆ ಪ್ರೀತಿ, ನಿರ್ವಾತದಲ್ಲಂತೂ ಅದರ ಜಾರಿಕೆ ಅಪೂರ್ವ. ತೇವದ ಗಾಳಿಯಲ್ಲಿ ಘರ್ಷಣೆ ಏರುತ್ತದೆ. ಗ್ರಾಫೈಟಿನದು ಇದಕ್ಕೆ ತದ್ವಿರುದ್ಧ, ತೇವವಿಲ್ಲದಿದ್ದರೆ ಜಾರುವುದೇ ಇಲ್ಲ. ಆಗುಂಬೆಯ ಮಳೆಗಾಲದಲ್ಲಿ ಒಣ ಲೇಪದ ಭಾಗವೊಂದು ಕೆಟ್ಟರೆ ಲೇಪ ಉತ್ಕರ್ಷಣಗೊಂಡಿದೆಯೇ ಎಂದು ಮೇಲ್ಮೈಯಲ್ಲೇ ನೋಡಬಹುದು: 820 ಮತ್ತು 995ರಲ್ಲಿ ಹೊಸ ಗೆರೆ ಬಂದಿದ್ದರೆ ಅದು ಮಾಲಿಬ್ಡಿನಂನ ಆಕ್ಸೈಡ್. ಎಚ್ಚರ, ಲೇಸರಿನ ಶಕ್ತಿ ಹೆಚ್ಚಾದರೆ ಆ ಆಕ್ಸೈಡನ್ನು ನೀವೇ ಸುಟ್ಟು ಮಾಡಿರುತ್ತೀರಿ. ಕಬ್ಬಿಣದ್ದೂ ಇದೇ ಕಥೆ. ಉಜ್ಜಿ ಹುಟ್ಟಿದ ಕಪ್ಪು ಮ್ಯಾಗ್ನಟೈಟ್ 670ರ ಸುತ್ತ ಒಂದು ಅಗಲ ಗೆರೆ ಕೊಡುತ್ತದೆ. ಸೂಕ್ಷ್ಮದರ್ಶಕದಡಿ ಬಲವಾದ ಲೇಸರ್ ಬಿಟ್ಟರೆ ಕಣ್ಣೆದುರೇ ಕೆಂಪು ಹೆಮಟೈಟಾಗಿ 225, 292ರ ಗೆರೆ ತೋರಿಸುತ್ತದೆ. ಒಂದು ಮಿಲಿವ್ಯಾಟಿಗಿಂತ ಕಡಿಮೆಯಿಂದ ಶುರುಮಾಡಿ, ಅದೇ ಚುಕ್ಕೆಯ ರೋಹಿತವನ್ನು ಎರಡು ಸಲ ತೆಗೆದು, ಎರಡೂ ಒಂದೇ ಆಗಿದ್ದರೆ ಮಾತ್ರ ನಂಬಿ.

ಪಂಪಿನ ತಾಮ್ರ ಎಲ್ಲಿಂದ ಬಂತು?

ಪಂಪಿನ ಎಣ್ಣೆಗೆ ಎರಡನ್ನೂ ಕೂಡಿಸಬೇಕು. ಎಣ್ಣೆಯನ್ನು ಹೆಪ್ಟೇನಿನಲ್ಲಿ ತೆಳುಮಾಡಿ 0.8 ಮೈಕ್ರಾನಿನ ಫಿಲ್ಟರಿನಲ್ಲಿ ಸೋಸಿ, ಹೆಪ್ಟೇನಿನಿಂದಲೇ ತೊಳೆದು ಒಣಗಿಸಿ. ಮೊದಲು ರಾಮನ್, ಆಮೇಲೆ ಲಿಬ್ಸ್. ಲಿಬ್ಸ್ ಮುಟ್ಟಿದ ಜಾಗ ಸುಟ್ಟು ಹೋಗುತ್ತದೆ, ಕ್ರಮ ತಿರುಗಿಸಿದರೆ ರಾಮನ್‌ಗೆ ಬೂದಿ ಮಾತ್ರ ಉಳಿಯುತ್ತದೆ.

ಮೈಲುತುತ್ತ ಮತ್ತು ಸುಣ್ಣ ಸೇರಿದಾಗ ಜಿಪ್ಸಂ ಹುಟ್ಟುತ್ತದೆ. ಅದರ ಗೆರೆ 1008ರಲ್ಲಿ, ಚೂಪಾಗಿ. ಅದು ಕಂಡರೆ ದ್ರಾವಣ ಒಳಗೆ ನುಗ್ಗಿದೆ, ಸೀಲು ಹೋಗಿದೆ. 1086ರ ಸುಮಾರಿಗೆ ಕಾಣುವ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಗಾಳಿ ಹೀರಿದ ಸುಣ್ಣದಲ್ಲೂ ಅದಿದೆ, ಎಣ್ಣೆಯ ಡಿಟರ್ಜೆಂಟ್ ಸೇರ್ಪಡೆಯ ಒಡಲಲ್ಲೂ ಕಾರ್ಬೊನೇಟೇ ಇದೆ. ಇನ್ನು ಸವೆದ ಕಂಚಿನ ಚೂರು ಲೋಹವಾದ್ದರಿಂದ ರಾಮನ್‌ನಲ್ಲಿ ಮೌನ. ಹೊಳೆಯುವ, ರಾಮನ್ ಗೆರೆಯಿಲ್ಲದ ಕಣವನ್ನು ಗುರುತು ಮಾಡಿಟ್ಟುಕೊಂಡು ಅದರ ಮೇಲೆ ಲಿಬ್ಸ್ ಹೊಡೆಯಿರಿ. ತಾಮ್ರದ ಜೊತೆ ತವರ ಬಂದರೆ ಕಂಚಿನ ಬುಷ್. ತಾಮ್ರದ ಜೊತೆ ಸತು ಬಂದರೆ ಪಂಪಿನ ಹಿತ್ತಾಳೆಯ ಭಾಗ ಇರಬಹುದು, ಆದರೆ ಸತು ಎಣ್ಣೆಯ ಸೇರ್ಪಡೆಯಲ್ಲೂ ಇರುವುದರಿಂದ ಕಣವನ್ನು ಚೆನ್ನಾಗಿ ತೊಳೆದಿದ್ದೀರಿ ಎಂಬ ಖಾತರಿ ಇರಬೇಕು. ಜಿಪ್ಸಮ್ಮೂ ತವರವೂ ಎರಡೂ ಸಿಕ್ಕರೆ ನೀರು ನುಗ್ಗಿ, ಅದರಿಂದಲೇ ಬುಷ್ ಸವೆಯತೊಡಗಿದೆ ಎಂಬ ಅನುಮಾನ ಬಲವಾಗುತ್ತದೆ, ಎರಡನ್ನೂ ಬದಲಿಸಿ.

ಫೌಂಡ್ರಿಗಳಲ್ಲೂ ಇದೇ ಜೋಡಿ ನಡೆಯುತ್ತದೆ. ಕಂಪ್ರೆಸರಿನ ಎಣ್ಣೆಯಲ್ಲಿ ಲಿಬ್ಸ್ ಸಿಲಿಕಾನ್ ತೋರಿಸಿದರೆ ಅದು ಅಚ್ಚಿನ ಮರಳೂ ಆಗಬಹುದು, ನೊರೆ ತಡೆಯಲು ಸೇರಿಸಿದ ಸಿಲಿಕೋನೂ ಆಗಬಹುದು, ಗ್ಯಾಸ್ಕೆಟ್ಟಿನ ಅಂಟೂ ಆಗಬಹುದು. ಮರಳಾದರೆ ರಾಮನ್‌ನಲ್ಲಿ 464ರ ಗೆರೆ ಬರುತ್ತದೆ, ಗಾಳಿಯ ಫಿಲ್ಟರ್ ನೋಡಲು ಹೇಳಬಹುದು.

ಸಂದಿಯೊಳಗಿನ ಎಣ್ಣೆ

ರಾಮನ್‌ನ ಕಾಟವಾಗಿದ್ದ ಪ್ರತಿದೀಪ್ತಿಯೇ ಇಲ್ಲಿ ಬಂಡವಾಳ. ಎಣ್ಣೆಗೆ ನೇರಳಾತೀತ ಅಥವಾ ಗೋಚರ ಲೇಸರ್ ಹಾಯಿಸಿ, ಅದು ಹೊಳೆಯುವ ಪ್ರಮಾಣದಿಂದ ಪದರದ ದಪ್ಪ ಅಳೆಯುವುದು ಎಲ್‌ಐಎಫ್, ಅಂದರೆ ಲೇಸರ್ ಪ್ರೇರಿತ ಪ್ರತಿದೀಪ್ತಿ. ಪದರ ತೆಳುವಾಗಿರುವಷ್ಟು ಕಾಲ ಹೊಳಪು ದಪ್ಪಕ್ಕೆ ಅನುಪಾತದಲ್ಲಿರುತ್ತದೆ. ಪಿಸ್ಟನ್ ರಿಂಗು ಮತ್ತು ಲೈನರ್ ನಡುವಿನ ಕೆಲವೇ ಮೈಕ್ರಾನಿನ ಪದರವನ್ನು ಓಡುವ ಇಂಜಿನ್ನಿನಲ್ಲೇ ಬೆಳಕಿನ ಎಳೆಯ (ಆಪ್ಟಿಕಲ್ ಫೈಬರ್) ಮೂಲಕ ಅಳೆದಿರುವುದು ಈ ವಿಧಾನದಿಂದ.

ಕಾಲೇಜಿನ ಮಟ್ಟದಲ್ಲಿ ಇಂಜಿನ್ನಿಗೆ ಕೈಹಾಕಬೇಡಿ. ಪಾರದರ್ಶಕ ಅಕ್ರಿಲಿಕ್ ಬುಷ್ ಇರುವ ಜರ್ನಲ್ ಬೇರಿಂಗಿನ ಮಾದರಿ ಬಹಳ ಕಡೆ ಇದೆ, ಅಲ್ಲಿ ಪದರ ಹತ್ತಾರು ಮೈಕ್ರಾನ್ ದಪ್ಪ, ಕೆಲಸ ಸುಲಭ. ಎಣ್ಣೆಗೆ ಬೆರೆಸುವ ಬಣ್ಣದ ವಿಷಯದಲ್ಲಿ ಹಲವರು ಮೊದಲು ರೋಡಮಿನ್ ತರಿಸುತ್ತಾರೆ. ಅದು ನೀರು, ಮದ್ಯಸಾರಗಳಲ್ಲಿ ಕರಗುವ ಬಣ್ಣ. ಖನಿಜ ತೈಲದಲ್ಲಿ ಪುಡಿಯಾಗಿಯೇ ತಳ ಸೇರುತ್ತದೆ. ನೈಲ್ ರೆಡ್ ಅಥವಾ ಪಿರೋಮೆಥೀನ್ 567 ಎಣ್ಣೆಯಲ್ಲಿ ಕರಗುತ್ತವೆ, 532ರ ಹಸಿರು ಲೇಸರಿಗೆ ಹೊಳೆಯುತ್ತವೆ. ಕ್ಯಾಮೆರಾದ ಮುಂದೆ 550 ನ್ಯಾನೋಮೀಟರಿಗಿಂತ ಉದ್ದದ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಇಟ್ಟರೆ ಲೇಸರಿನ ಪ್ರತಿಫಲನ ಹೋಗಿ ಎಣ್ಣೆ ಮಾತ್ರ ಕಾಣುತ್ತದೆ. ಸಂದಿ ಅಗಲವಾಗುವ ಕಡೆ ಎಣ್ಣೆಯ ಪದರ ಹರಿದು ಪಟ್ಟೆಪಟ್ಟೆಯಾಗುವುದನ್ನು ಕಣ್ಣಾರೆ ನೋಡಬಹುದು. ಪಠ್ಯಪುಸ್ತಕದ ಒತ್ತಡದ ವಕ್ರರೇಖೆಗಿಂತ ಅದು ಎಷ್ಟೋ ಚೆನ್ನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಹೊಳಪನ್ನು ಮೈಕ್ರಾನಿಗೆ ತಿರುಗಿಸುವುದು ಹೇಗೆ? 500 ಮಿಲಿಮೀಟರ್ ವಕ್ರತಾ ತ್ರಿಜ್ಯದ ಪೀನ ಮಸೂರವನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನಡುವೆ ಅದೇ ಎಣ್ಣೆ ತುಂಬಿ. ತಾಗುವ ಬಿಂದುವಿನಿಂದ 1 ಮಿಲಿಮೀಟರ್ ದೂರದಲ್ಲಿ ಸಂದಿ 1 ಮೈಕ್ರಾನ್, 2 ಮಿಲಿಮೀಟರ್ ದೂರದಲ್ಲಿ 4, 5 ಮಿಲಿಮೀಟರ್ ದೂರದಲ್ಲಿ 25. ದೂರದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಆಯಿತು. ಈ ಅಳತೆಯನ್ನು ದಿನವೂ ಮಾಡಬೇಕು. ಲೇಸರಿನಡಿ ಬಣ್ಣ ಮಾಸುತ್ತದೆ. ಎಣ್ಣೆ ಬಿಸಿಯಾದರೆ ಹೊಳಪು ಇಳಿಯುತ್ತದೆ, ಅದನ್ನು ಪದರ ತೆಳುವಾಯಿತು ಎಂದು ಓದಿಬಿಡುವ ಅಪಾಯವಿದೆ. ಉಷ್ಣತೆ ಅಳೆಯದ ಎಲ್‌ಐಎಫ್ ವರದಿಯನ್ನು ನಾನು ಓದುವುದಿಲ್ಲ.

ಬಾಲ್ ಬೇರಿಂಗು, ಗೇರಿನ ಹಲ್ಲುಗಳ ನಡುವಿನ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ಕಡಿಮೆ. ಅಲ್ಲಿ ಎಲ್‌ಐಎಫ್ ತಿಣುಕುತ್ತದೆ. ಗಾಜಿನ ತಟ್ಟೆಯ ಮೇಲೆ ಉಕ್ಕಿನ ಗುಂಡು ಉರುಳಿಸಿ ಬಿಳಿ ಬೆಳಕಿನ ವ್ಯತಿಕರಣದ ಬಣ್ಣ ನೋಡುವ ಹಳೆಯ ವಿಧಾನವೇ ಮೇಲು. ಆ ಗುಂಡಿನ ಮೇಲೆ ಸೇರ್ಪಡೆಗಳು ಕಟ್ಟಿದ ಪದರ ಏನು ಎಂದು ತಿಳಿಯಬೇಕಾದರೆ ಗಾಜಿನ ಬದಲು ನೀಲಮಣಿಯ ಕಿಟಕಿ ಇಟ್ಟು ರಾಮನ್ ಮಾಡುವವರಿದ್ದಾರೆ. ಕಾರ್ಸ್, ಎಸ್‌ಎಫ್‌ಜಿ, ಬ್ರಿಲುವಾನ್ ಚದರಿಕೆ ಇವೆಲ್ಲ ಪಿಎಚ್‌ಡಿ ಮಾಡುವವರ ಸಾಮಾನು. ಮೊದಲನೆಯದು ಪ್ರತಿದೀಪ್ತಿಯ ಕಾಟ ತಪ್ಪಿಸುತ್ತದೆ, ಎರಡನೆಯದು ಲೋಹಕ್ಕೆ ಅಂಟಿದ ಒಂದೇ ಅಣುವಿನ ದಪ್ಪದ ಪದರವನ್ನು ನೋಡುತ್ತದೆ, ಮೂರನೆಯದು ಭಾರಿ ಒತ್ತಡದಲ್ಲಿ ಎಣ್ಣೆ ಹೇಗೆ ಗಡುಸಾಗುತ್ತದೆ ಎಂದು ತಿಳಿಸುತ್ತದೆ.

ಯಾರಿಗೆ ಯಾವುದು

ಗ್ಯಾರೇಜಿನವರಿಗೆ ಯಾವ ಲೇಸರೂ ಬೇಡ. ಕಾದ ತಟ್ಟೆ, ಅಯಸ್ಕಾಂತ, ಸ್ನಿಗ್ಧತೆ. ವಿದ್ಯುದಾಗಾರಕ್ಕೆ ಐಸಿಪಿ ಮತ್ತು ಎಫ್‌ಟಿಐಆರ್, ಗಾಬರಿಯಾಗುವ ಕಣ ಸಿಕ್ಕ ದಿನ ಮಾತ್ರ ರಾಮನ್ ಮತ್ತು ಲಿಬ್ಸ್. ದಿನಕ್ಕೆ ಹತ್ತಾರು ಬಗೆಯ ಗ್ರೀಸು, ಲೋಹ ಬರುವ ದೊಡ್ಡ ಉಗ್ರಾಣವಿದ್ದರೆ ಕೈಯಲ್ಲಿ ಹಿಡಿಯುವ ಲಿಬ್ಸ್ ಲೆಕ್ಕಕ್ಕೆ ಬರಬಹುದು. ಕಾಲೇಜೊಂದು ಒಂದೇ ಒಂದನ್ನು ಕಟ್ಟಿಕೊಳ್ಳುವುದಾದರೆ ಎಲ್‌ಐಎಫ್ ಎನ್ನುತ್ತೇನೆ, ಏಕೆಂದರೆ ಅದನ್ನು ಬಿಡಿಭಾಗಗಳಿಂದ ವಿದ್ಯಾರ್ಥಿಗಳೇ ಜೋಡಿಸಬಹುದು, ಉಳಿದವನ್ನು ಬೇರೆಡೆ ಮಾಡಿಸಬಹುದು. ಲಿಬ್ಸ್ ಲೇಸರ್ ಸಾಮಾನ್ಯವಾಗಿ ನಾಲ್ಕನೇ ದರ್ಜೆಯದು, ಅಂದರೆ ಅತಿ ಅಪಾಯದ್ದು, 1064ರ ಕಿರಣ ಕಣ್ಣಿಗೆ ಕಾಣುವುದಿಲ್ಲ, ಕಾಣದೆಯೇ ಅಕ್ಷಿಪಟ ಸುಡುತ್ತದೆ. ಆ ತರಂಗದೂರಕ್ಕೆ ಹೊಂದುವ ಕನ್ನಡಕ ಇಲ್ಲದ ಕೋಣೆಗೆ ವಿದ್ಯಾರ್ಥಿಗಳನ್ನು ಬಿಡಬಾರದು.

ಮಾಡಿಸುವುದು ಎಲ್ಲಿ ಎಂದರೆ, ಘಟ್ಟ ಇಳಿದರೆ ಮಣಿಪಾಲದಲ್ಲಿ ಪರಮಾಣು ಮತ್ತು ಅಣು ಭೌತಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ, ಲಿಬ್ಸ್ ಮತ್ತು ರಾಮನ್ ಎರಡರಲ್ಲೂ ಅಲ್ಲಿ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಹೊರಗಿನವರಿಗೆ ಸಿಗುತ್ತದೆ ಎಂದು ಹುಡುಕಲು 2020ರಲ್ಲಿ ಶುರುವಾದ ಐ-ಸ್ಟೆಮ್ ಜಾಲತಾಣವಿದೆ.

ಮಾದರಿಯನ್ನು ಯಂತ್ರ ಓಡಿ ಬಿಸಿಯಿರುವಾಗಲೇ ತೆಗೆಯಿರಿ, ಕಲ್ಮಶ ತಳ ಸೇರುವ ಮೊದಲು. ಮಳೆಗಾಲದಲ್ಲಿ ತೊಳೆದ ಶೀಶೆ ಒಣಗುವುದಿಲ್ಲ, ಆದ್ದರಿಂದ ಹೊಸದನ್ನೇ ಕೊಳ್ಳಿ. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಳುಹಿಸಿದರೆ, ಅದರ ಗೋಡೆಯ ಮೂಲಕವೇ ರಾಮನ್ ತೆಗೆಯುವ ಸೋಮಾರಿತನಕ್ಕೆ ಯಾರೂ ಬೀಳದಂತೆ ಹೇಳಿ: ಆ ಪ್ಲಾಸ್ಟಿಕ್ಕಿನ 1726ರ ಗೆರೆ ಎಸ್ಟರಿನ 1745ಕ್ಕೆ ತೀರ ಹತ್ತಿರ. 785ರ ಲೇಸರಿಗೆ ಮಾಮೂಲಿ ಗಾಜೂ ಹೊಳೆಯುತ್ತದೆ, ಅಲ್ಯೂಮಿನಿಯಂ ಬಟ್ಟಲಿನಲ್ಲಿ ಹನಿ ಹಾಕಿಸಿ. ಜೊತೆಗೆ ಅದೇ ಡಬ್ಬಿಯ ಹೊಸ ಎಣ್ಣೆಯ ಶೀಶೆಯೊಂದು ಹೋಗಲೇಬೇಕು. ಅದಿಲ್ಲದೆ ಹಳೆಯದರ ಯಾವ ಅಂಕೆಯನ್ನೂ ಹೋಲಿಸಲಾಗದು. ಎಷ್ಟು ಗಂಟೆ ಓಡಿದೆ, ನಡುವೆ ಎಷ್ಟು ಎಣ್ಣೆ ಸುರಿದಿರಿ, ಪಂಪಾದರೆ ಯಾವ ಔಷಧಿ ಹೊಡೆದಿರಿ ಎಂದು ಚೀಟಿಯಲ್ಲಿ ಬರೆಯಿರಿ.

ಕೇಂದ್ರಕ್ಕೆ ಹೋಗುವ ಮೊದಲು ಫೋನಿನಲ್ಲಿ ಕೇಳಬೇಕಾದ್ದು ಯಾವ ತರಂಗದೂರದ ಲೇಸರ್ ಇದೆ, ಮಾದರಿಯ ಮೇಲೆ ಬೀಳುವ ಶಕ್ತಿಯನ್ನು ಒಂದು ಮಿಲಿವ್ಯಾಟಿಗಿಂತ ಕೆಳಗೆ ಇಳಿಸಬಹುದೇ, ಖಾಲಿ ಫಿಲ್ಟರಿನ ರೋಹಿತವನ್ನೂ ತೆಗೆದುಕೊಡುತ್ತಾರೆಯೇ ಎಂದು. ಎಣ್ಣೆ ಎಂದ ಕೂಡಲೇ ಮಸೂರ ಕೊಳೆಯಾಗುವ ಭಯಕ್ಕೆ ಲಿಬ್ಸ್ ನಡೆಸುವವರು ಹಿಂದೆ ಸರಿಯಬಹುದು. ಸೋಸಿ, ಹೆಪ್ಟೇನಿನಲ್ಲಿ ತೊಳೆದು, ಒಣಗಿಸಿದ ಫಿಲ್ಟರನ್ನು ಮುಚ್ಚಳದ ತಟ್ಟೆಯಲ್ಲಿಟ್ಟು ತರುತ್ತೇನೆ ಎಂದರೆ ಒಪ್ಪಿಸುವುದು ಸುಲಭ.